ಕೊನೆಯ ಸಾಲಿನ ಚುಕ್ಕಿ

"ಈ ಕಂಬದಲ್ಲಿ ನಮ್ಮಮ್ಮ ಎಲ್ಲಿದಾರೆ, ಸ್ವಲ್ಪ ತೋರಿಸ್ತೀರಾ?"

ಆಸ್ಪತ್ರೆಯ ಗೋಡೆಗೆ ತಾನು ಮಾಡಿದ ಚಾರ್ಟ್ ಅಂಟಿಸುತ್ತಿದ್ದ ಅಂಕಿಅಂಶ ವಿಭಾಗದ ಹುಡುಗಿಯ ಕೈ ಹಾಗೇ ನಿಂತಿತು. ಹಿಂದೆ ನಿಂತಿದ್ದವನು ಆರನೇ ವಾರ್ಡಿನ ಡಾಕ್ಟರು. ಅವನ ತಾಯಿ ತೀರಿಕೊಂಡದ್ದೂ ಅದೇ ವಾರ್ಡಿನಲ್ಲಿ. ಯಾವ ವಾರ್ಡಿನಲ್ಲಿ ಎಷ್ಟು ಸಾವು ಎಂದು ತೋರಿಸುವ ಆ ಚಾರ್ಟಿನಲ್ಲಿ ಅವನ ವಾರ್ಡಿನ ಕೆಂಪು ಕಂಬವೇ ಎಲ್ಲಕ್ಕಿಂತ ಎತ್ತರ.

ಲೆಕ್ಕದಲ್ಲಿ ತಪ್ಪಿಲ್ಲವಲ್ಲ! ನಾನೇನು ಮಾಡಲಿ... ಎಂದು ಅವಳ ಮನಸ್ಸು ಸಮಜಾಯಿಷಿ ಹುಡುಕುವಷ್ಟರಲ್ಲಿ ಅವನು ಹೊರಟುಹೋಗಿದ್ದ.

ಆ ಕಂಬ ಊರ ಬಾಯಿಗೆ ಬಿತ್ತು. ರೋಗಿಗಳ ಕಡೆಯವರು ಆರನೇ ವಾರ್ಡ್ ಬೇಡವೆಂದು ಹಟ ಹಿಡಿದರು. ಆಡಳಿತ ಮಂಡಳಿ ವಾರ್ಡನ್ನೇ ಮುಚ್ಚುವ ಮಾತಾಡಿತು.

ನಿದ್ದೆಗೆಟ್ಟ ಅವಳು ಆ ವಾರ್ಡಿಗೆ ಹೋಗಿ ಕೂರತೊಡಗಿದಳು. ಅಲ್ಲಿನ ಹಿರಿಯ ನರ್ಸ್ ಮೊದಲ ದಿನವೇ ಮುಖಕ್ಕೆ ಹೊಡೆದಂತೆ ಹೇಳಿದರು.

"ಬೇರೆ ವಾರ್ಡಿನವರು ಕೈಚೆಲ್ಲಿದವರೆಲ್ಲ ಇಲ್ಲಿಗೇ ಬರೋದು ಕಣಮ್ಮ. ಅದನ್ನ ಎಲ್ಲಿ ತೋರಿಸಿದೀಯ?"

ಎಲ್ಲಿಯೂ ತೋರಿಸಿರಲಿಲ್ಲ. ಎಲ್ಲರನ್ನೂ ಒಂದೇ ಕಂಬಕ್ಕೆ ತುಂಬಿಬಿಟ್ಟಿದ್ದಳು.

ಅಲ್ಲಿ ಕೂತೇ ಅವಳು ಅವನನ್ನು ಸರಿಯಾಗಿ ನೋಡಿದಳು. ಉಳಿಯುವುದಿಲ್ಲವೆಂದು ಗೊತ್ತಿದ್ದ ಅಜ್ಜನೊಬ್ಬನ ಕಾಲುಚೀಲ ಸರಿಮಾಡುತ್ತ, ಆತನ ಹಳೇ ಜೋಕಿಗೆ ಮತ್ತೊಮ್ಮೆ ನಗುತ್ತಿದ್ದ. ಅಯ್ಯೋ, ಇವನ ಮೇಲೆ ಮನಸ್ಸಾಗುತ್ತಿದೆ... ಅದೂ ಇವನ ಬಾಳಿಗೆ ಮಣ್ಣು ಹಾಕಿದ ಮೇಲೆ!

ಅವನೋ, ಇನ್ನಷ್ಟು ತಪ್ಪು ಹುಡುಕಲು ಮಂಡಳಿಯೇ ಇವಳನ್ನು ಕಳಿಸಿದೆಯೆಂದು ತಿಳಿದ. ಮುಖ ಕೊಟ್ಟು ಮಾತಾಡಲಿಲ್ಲ. ಹುಚ್ಚು ಹುಡುಗಿ, ತಪ್ಪು ತಿದ್ದೋಕೇ ಬಂದಿದೀನಿ ಅಂತ ಹೇಳಿಬಿಡಬಾರದಿತ್ತೇ? ತಪ್ಪು ತಿದ್ದದೆ ಯಾವ ಮುಖ ಹೊತ್ತು ಕ್ಷಮೆ ಕೇಳಲಿ ಎಂದು ಒಳಗೊಳಗೇ ಬೇಯುತ್ತಿದ್ದಳು.

ಮಂಡಳಿಯ ಸಭೆಯಲ್ಲಿ ಅವಳು ಹೊಸ ಚಾರ್ಟ್ ಹಾಕಿದಳು. ಪ್ರತಿ ವಾರ್ಡಿಗೂ ಬೇರೆ ಬೇರೆ ಜಾಗ, ಒಬ್ಬ ರೋಗಿಗೆ ಒಂದು ಚುಕ್ಕಿ. ಬಂದಾಗ ಸ್ಥಿತಿ ಎಷ್ಟು ಕೆಟ್ಟಿತ್ತೋ ಅಷ್ಟು ಕೆಳಗಿನ ಸಾಲು. ಗುಣವಾಗಿ ಮನೆಗೆ ಹೋದವರ ಚುಕ್ಕಿಗೆ ನೀಲಿ ತುಂಬಿದ್ದಳು, ತೀರಿಕೊಂಡವರದನ್ನು ಖಾಲಿ ಬಿಟ್ಟಿದ್ದಳು. ತೀರಾ ಕೆಳಗಿನ ಸಾಲಿನಲ್ಲಿ ನೀಲಿ ಕಂಡದ್ದು ಆರನೇ ವಾರ್ಡಿನಲ್ಲಿ ಮಾತ್ರ. ಮೊದಲಿನ ಚಾರ್ಟ್ ತನ್ನದೇ ತಪ್ಪೆಂದು ಎಲ್ಲರೆದುರು ಒಪ್ಪಿಕೊಂಡಳು.

ವಾರ್ಡ್ ಉಳಿಯಿತು. ಎಲ್ಲರೂ ಎದ್ದುಹೋದರೂ ಅವನು ಚಾರ್ಟಿನ ಮುಂದೆಯೇ ನಿಂತಿದ್ದ.

"ಈಗ ತೋರಿಸ್ತೀರಾ?"

ಅವಳು ಅವನ ಬೆರಳು ಹಿಡಿದು, ಕೊನೆಯ ಸಾಲಿನ ಒಂದು ಖಾಲಿ ಚುಕ್ಕಿಯ ಮೇಲಿಟ್ಟಳು. ಅವನ ಕಣ್ಣು ತುಂಬಿತು.

"ಅಮ್ಮ ಹೋದ್ಮೇಲೆ ಮನೇಲಿ ನನ್ನ ದಾರಿ ಕಾಯೋರು ಯಾರೂ ಇಲ್ಲ," ಎಂದ.

"ನಾನು ಕಾಯ್ತೀನಿ... ಎಷ್ಟು ಹೊತ್ತಾದ್ರೂ."

ಅವನು ಬೆರಳು ಬಿಡಿಸಿಕೊಳ್ಳಲಿಲ್ಲ.