ಹಾಯ್ಸ್ಟ್ ಬ್ರೇಕಿನ ಪ್ರಕರಣ

ಸೋಮವಾರ ಬೆಳಿಗ್ಗೆ ಗಾಬ್ರೊವೊ ಪಟ್ಟಣದ ಠಾಣೆಗೆ ದೂರು ಕೊಡಲು ಬಂದವಳು ಕಾರ್ಖಾನೆಯ ಮೇಸ್ತ್ರಿ ಬೊಯಾಜಿಯೆವ್‌ನ ಹೆಂಡತಿ. ಭಾರ ಎತ್ತುವ ಯಂತ್ರವಾದ ವಿದ್ಯುತ್ ಚೈನ್ ಹಾಯ್ಸ್ಟ್ ಎತ್ತಿದ್ದ ಎಂಜಿನ್ ಬ್ಲಾಕ್ ಜಾರಿ ಬಿದ್ದು ಅವಳ ಗಂಡನ ಬಲಗಾಲು ಜಜ್ಜಿಹೋಗಿತ್ತು.

"ಅಪಘಾತ ಅಲ್ಲ ಸಾರ್. ಅಲ್ಲಿ ಇವರನ್ನ ಕಂಡ್ರೆ ಯಾರಿಗೂ ಆಗಲ್ಲ."

ಇನ್‌ಸ್ಪೆಕ್ಟರ್ ವೆಲಿಚ್ಕೊ ತೊಮೊವ್ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಮ್ಲಾಡೆನ್‌ನನ್ನು ಕರೆದುಕೊಂಡು ಕಾರ್ಖಾನೆಗೆ ಹೊರಟ.

ಪ್ರಶ್ನೆ ಕೇಳಿದರೆ ಕೆಲಸಗಾರರು ಬೆನ್ನು ತಿರುಗಿಸಿದರು. ಒಬ್ಬ ಸೂರ್ಯಕಾಂತಿ ಬೀಜದ ಸಿಪ್ಪೆಯನ್ನು ಮ್ಲಾಡೆನ್‌ನ ಬೂಟಿನ ಪಕ್ಕಕ್ಕೇ ಉಗಿದ.

"ಬಾಯಿ ಇರೋದು ಉಗಿಯೋಕೆ ಮಾತ್ರಾನಾ?" ಎಂದ ಮ್ಲಾಡೆನ್.

"ಪೊಲೀಸರ ಮುಂದೆ ಅಷ್ಟಕ್ಕೇ."

ತೊಮೊವ್ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಸಿದ. ಎದುರಿನ ಬೇಕರಿಯಿಂದ ಇಬ್ಬರು ಪಂಚರನ್ನು ಕರೆಸಿದ. ಠಾಣೆ ಕಳಿಸಿದ ತಜ್ಞ ಹಾಯ್ಸ್ಟ್ ಬಿಚ್ಚಿದ. ಮೋಟರ್ ಸರಿಯಾಗಿತ್ತು. ಮೋಟರಿಗೆ ಕರೆಂಟ್ ಬಂದಾಗ ಆಯಸ್ಕಾಂತ ಬ್ರೇಕಿನ ಬಿಲ್ಲೆಯನ್ನು ಹಿಡಿತದಿಂದ ಬಿಡಿಸುತ್ತದೆ. ಕರೆಂಟ್ ನಿಂತ ಕ್ಷಣ ಸ್ಪ್ರಿಂಗುಗಳು ಅದನ್ನು ಅದುಮಿ ಹಿಡಿಯುತ್ತವೆ. ಆದ್ದರಿಂದ ಕರೆಂಟ್ ಹೋದರೂ ಭಾರ ನಿಂತಲ್ಲೇ ನಿಲ್ಲಬೇಕು. ಇಲ್ಲಿ ಸ್ಪ್ರಿಂಗುಗಳ ಆರು ಗೂಡುಗಳಲ್ಲಿ ಮೂರು ಖಾಲಿಯಾಗಿದ್ದವು. ಪಂಚನಾಮೆ ಮುಗಿಸಿದ ತೊಮೊವ್, ಕಂಡದ್ದನ್ನು ಹೊರಗೆ ಬಾಯಿಬಿಡಬೇಡಿ ಎಂದು ಪಂಚರಿಗೂ ತಜ್ಞನಿಗೂ ತಾಕೀತು ಮಾಡಿದ.

ಆಸ್ಪತ್ರೆಯಲ್ಲಿ ಬೊಯಾಜಿಯೆವ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವನ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದ್ದರು.

"ನಿನ್ನ ಮೇಲೆ ಯಾರಿಗೆ ದ್ವೇಷ?"

"ಯಾರಿಗಿಲ್ಲ ಅಂತ ಕೇಳಿ."

"ಹಿಂದೆ ಅದೇ ಹಾಯ್ಸ್ಟ್ ಕೆಳಗೆ ಒಬ್ಬ ಸತ್ತಿದ್ದನಂತೆ?"

"ಒಗ್ನ್ಯಾನ್. ಕುಡಿದು ಬಂದಿದ್ದ, ತಪ್ಪು ಗುಂಡಿ ಒತ್ತಿದ. ಹಾಗಂತ ಕಾರ್ಖಾನೆಗೆ ಹೇಳಿಕೆ ಕೊಟ್ಟಿದೀನಿ."

"ಬ್ರೇಕ್ ಬಿಚ್ಚಿ ನೋಡಿದ್ರಾ?"

"ಯಾಕ್ ನೋಡ್ಬೇಕು? ಆ ಬ್ರೇಕ್ ಜಾರಲ್ಲ."

ಹಾಯ್ಸ್ಟ್‌ಗಳ ರಿಪೇರಿ ನೋಡಿಕೊಳ್ಳುತ್ತಿದ್ದ ಎಲೆಕ್ಟ್ರಿಷಿಯನ್ ಜ್ದ್ರಾವ್ಕಾ, ಸತ್ತ ಒಗ್ನ್ಯಾನ್‌ನ ಅಕ್ಕ. ತೊಮೊವ್ ಅವಳನ್ನು ಠಾಣೆಗೆ ಕರೆಸಿದ. ಕೊಟ್ಟ ಕಾಫಿಯನ್ನು ಅವಳು ಮುಟ್ಟಲಿಲ್ಲ.

"ನನ್ನ ತಮ್ಮ ಸತ್ತಾಗ ಒಬ್ಬ ಪೊಲೀಸಿನವನೂ ಬರ್ಲಿಲ್ಲ. ಮೇಸ್ತ್ರಿ ಕಾಲು ಹೋದ ಕೂಡ್ಲೆ ದಂಡೇ ಬಂತು."

"ಅಪಘಾತದ ದಿನ ಬೆಳಿಗ್ಗೆ ಅದೇ ಹಾಯ್ಸ್ಟ್ ಹತ್ತು ಸಲ ಭಾರ ಎತ್ತಿದೆ. ಆಗ ಯಾಕೆ ಜಾರ್ಲಿಲ್ಲ?"

"ಸಣ್ಣ ಭಾರ ಅಲ್ವಾ? ಅದನ್ನ ಮೂರು ಸ್ಪ್ರಿಂಗೇ ಹಿಡ್ಕೊಳತ್ತೆ. ಎಂಜಿನ್ ಬ್ಲಾಕ್ ಹಿಡಿಯಲ್ಲ."

ಬರೆದುಕೊಳ್ಳುತ್ತಿದ್ದ ಮ್ಲಾಡೆನ್ ಕೈ ನಿಲ್ಲಿಸಿದ.

"ಮೂರೇ ಇದ್ವು ಅಂತ ನಿನಗೆ ಯಾರು ಹೇಳಿದ್ರು?" ಎಂದ ತೊಮೊವ್.

ಸ್ಪ್ರಿಂಗ್ ತೆಗೆದದ್ದು ತಾನೇ ಎಂದು ಅವಳು ಒಪ್ಪಿಕೊಂಡಳು. ಉಳಿದ ಮೂರು ಸ್ಪ್ರಿಂಗುಗಳು ಅವಳ ಮನೆಯ ಹಿತ್ತಲಲ್ಲಿ, ಉಪ್ಪಿನಕಾಯಿ ಜಾಡಿಯೊಂದರಲ್ಲಿ ಸಿಕ್ಕವು. ಸಂಜೆ ಬಂಧನವಾಯಿತು.

ಬೇಡಿ ಹಾಕುವಾಗ ತೊಮೊವ್ ಕೇಳಿದ: "ಅವನನ್ನ ಸಾಯಿಸ್ಬೇಕು ಅಂತಿತ್ತಾ?"

"ನನ್ನ ತಮ್ಮ ರಕಿಯಾ ಸಾರಾಯಿ ವಾಸನೆ ಬಂದ್ರೆ ಎದ್ದು ಹೋಗ್ತಿದ್ದ ಸಾರ್. ಅವನನ್ನ ಕುಡುಕ ಮಾಡಿದ್ರು. ಬ್ರೇಕ್ ಜಾರತ್ತೆ ಅಂತ ಗೊತ್ತಿದ್ದೂ ಮೇಸ್ತ್ರಿ ಸುಳ್ಳು ಹೇಳ್ದ ಅಂದ್ಕೊಂಡಿದ್ದೆ. ಎಲ್ಲರ ಮುಂದೆ ಬ್ಲಾಕ್ ಬೀಳ್ಲಿ, ಆಗೇನು ಹೇಳ್ತಾನೋ ನೋಡೋಣ ಅಂತಿತ್ತು." ಅವಳ ದನಿ ಮೊದಲ ಸಲ ಇಳಿಯಿತು. "ಅವನು ಸೀದಾ ಅದರ ಕೆಳಗೇ ಹೋಗಿ ನಿಂತ್ಕೊಂಡ. ಸುಳ್ಳು ಹೇಳೋನು ಅಲ್ಲಿ ನಿಲ್ತಾನಾ?"