ಗೂರಲಯ್ಯನ ಬದಲಿಗೆ

“ಇಳೀರಿ.”

ಅವನು ಹೇಳಿದ್ದು ಅಷ್ಟೇ. ಅದೂ ಎಂಜಿನ್ ಆರಿಸಿ, ಕೀ ಕಿತ್ತು, ಎಣ್ಣೆ ಮೆತ್ತಿದ ಅಂಗಿಯ ಜೇಬಿಗೆ ಹಾಕಿಕೊಂಡ ಮೇಲೆ.

ಅವಳು ಇಳಿಯಲಿಲ್ಲ. ನಾಲ್ಕು ಚಕ್ರದ ಹೊಚ್ಚಹೊಸ ಕ್ವಾಡ್ ಬೈಕಿನ ಮೇಲೆ ಎರಡೂ ಕೈಯಿಂದ ಹ್ಯಾಂಡಲ್ ಹಿಡಿದು ಕೂತೇ ಇದ್ದಳು. ಎದುರಿಗೆ ಹಳೇ ಟೈರುಗಳ ರಾಶಿ. ರಾಶಿಗೂ ಗಾಡಿಗೂ ನಡುವೆ ಅವನು. ಓಡಿಬಂದ ಏದುಸಿರು ಇನ್ನೂ ಇಳಿದಿರಲಿಲ್ಲ. ಅವನ ಮೊಣಕಾಲಿಗೂ ಗಾಡಿಯ ಮುಂದಿನ ಕಂಬಿಗೂ ಮಧ್ಯೆ ಒಂದು ಗೇಣು ಜಾಗವಿತ್ತೋ ಇಲ್ಲವೋ!

ಎಂಥಾ ಕಣ್ಣು... ಸಿಟ್ಟಲ್ಲೂ ಹೆದರಿದ ಹಾಗಿದೆಯಲ್ಲ!

ಈ ಹೊತ್ತಿನಲ್ಲಿ ಯೋಚಿಸಬೇಕಾದ ವಿಷಯವೇ ಅದು? ಅವಳಿಗೆ ತನ್ನ ಮೇಲೇ ಕೋಪ ಬಂತು.

“ಇನ್ನೊಂದು ಸುತ್ತು ಹೊಡೀತೀನಿ. ಕೀ ಕೊಡಿ.”

“ಈ ಗಾಡಿ ನಿಮಗೆ ಕೊಡಲ್ಲ ಮೇಡಂ. ನೇರ ಹೋಗಿ ಅಂದ್ರೆ ಎರಡು ಸಲವೂ ಬಲಕ್ಕೇ ಹೋದ್ರಿ. ಇಲ್ಲಿ ಟೈರು ಸಿಕ್ತು. ನಿಮ್ಮ ಗುಡ್ಡದಲ್ಲಿ ಏನು ಸಿಗುತ್ತೆ?”

ಗಾಡಿ ಬಲಕ್ಕೆ ಹೋಗಿದ್ದು ನಿಜ. ಯಾಕೆ ಹೋಯಿತು ಎನ್ನುವುದು ಅವಳಿಗೂ ಗೊತ್ತಿರಲಿಲ್ಲ.

ಊರಂಚಿನ ಆ ಅಂಗಡಿಯಲ್ಲಿ ಹೊಲಗದ್ದೆಗೆ ಬೇಕಾದ ಯಂತ್ರಗಳನ್ನು ಮಾರುತ್ತಿದ್ದರು, ರಿಪೇರಿಯನ್ನೂ ಮಾಡುತ್ತಿದ್ದರು. ಅವನು ಅಲ್ಲಿನ ಮೆಕ್ಯಾನಿಕ್. ಗಿರಾಕಿಗಳನ್ನು ಹಿತ್ತಲಿನ ಇಳಿಜಾರಿಗೆ ಕರೆದೊಯ್ದು ಗಾಡಿ ಓಡಿಸಿ ತೋರಿಸುವುದೂ ಅವನ ಕೆಲಸವೇ. ಒಳಗೆ ಒಂದು ಸಣ್ಣ ಗಾಡಿ ಇದೆ, ಹಗುರ, ಹಿಂದಿನ ಎರಡೇ ಚಕ್ರ ಎಳೆಯುತ್ತದೆ, ಅಂಗಳದಲ್ಲಿ ಓಡಾಡಲು ಸಾಕು ಎಂದು ಅವನು ತಗ್ಗಿದ ದನಿಯಲ್ಲಿ ವಿವರಿಸಿದ. ದೊಡ್ಡದೇ ಬೇಕೆಂದರೆ ಸೀಟಿನ ಹಿಂದೆ ಕಬ್ಬಿಣದ ಕಮಾನು ಹಾಕಿಸಬೇಕಂತೆ. ಗಾಡಿ ಮಗುಚಿದರೂ ಓಡಿಸುವವರು ಅಡಿಗೆ ಸಿಕ್ಕಿಬೀಳುವುದಿಲ್ಲವಂತೆ.

ಅಷ್ಟು ಹೇಳಿ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಅವನು ಮುಂದುವರಿದ.

“ಮನೇಲಿ ಬೇರೆ ಯಾರಾದ್ರೂ ಓಡಿಸ್ತಾರಾ? ಅವರನ್ನ ಕರ್ಕೊಂಡು ಬನ್ನಿ.”

ಅವಳು ಇಳಿದಳು. ಹೆಲ್ಮೆಟ್ ತೆಗೆದು ಅವನ ಎದೆಗೆ ಒತ್ತಿ ಕೊಟ್ಟಳು.

“ಬೇರೆ ಯಾರೂ ಇಲ್ಲ. ಓಡಿಸೋಳು ನಾನೇ.”

ಹಿಂತಿರುಗಿ ನೋಡದೆ ನಡೆದಳು. ಬೆನ್ನ ಮೇಲೆ ಅವನ ನೋಟ ನೆಟ್ಟಿರುವುದು ಗೊತ್ತಾಗುತ್ತಲೇ ಇತ್ತು...

*

ಅವರದು ಕುರಿ ಸಾಕುವ ಮನೆತನ. ಮನೆಯ ಸುತ್ತ ಕೆಳಗಿನ ಹುಲ್ಲುಗಾವಲು, ಅದರಾಚೆ ಬಂಡೆ, ಕೊರಕಲು, ಜೌಗು ದಾಟಿ ಮೇಲಿನ ಗುಡ್ಡ. ಬೇಸಿಗೆಯೆಲ್ಲ ಮಂದೆ ಅಲ್ಲಿ ಮೇಯುತ್ತದೆ. ಚಳಿ ಶುರುವಾಗುವ ಮೊದಲು ಅದನ್ನು ಕೆಳಗೆ ತರಲೇಬೇಕು. ಆ ದಾರಿಯಲ್ಲಿ ಕಾರು ಹೋಗದು, ಟ್ರ್ಯಾಕ್ಟರು ಹತ್ತದು. ಹತ್ತುತ್ತಿದ್ದದ್ದು ಗೂರಲಯ್ಯ ಒಬ್ಬನೇ.

ಗೂರಲಯ್ಯ ಅಂದರೆ ಅವರ ಹಳೆಯ ಕ್ವಾಡ್ ಬೈಕು. ಏರು ಬಂದರೆ ಸಾಕು, ಗೂರಲು ಹತ್ತಿದ ಮುದುಕನ ಹಾಗೆ ಸುಯ್ಯೆಂದು ಉಸಿರೆಳೆಯುತ್ತಿದ್ದ. ಅದಕ್ಕೇ ಆ ಹೆಸರು. ಸೀಟಿಗೆ ಗೋಣಿಯ ಹೊಲಿಗೆ, ಸೈಲೆನ್ಸರಿಗೆ ತಂತಿಯ ಕಟ್ಟು. ಅವಳು ಈವರೆಗೆ ಓಡಿಸಿದ್ದು ಅದೊಂದನ್ನೇ.

ಮೊನ್ನೆ ಅದು ಏರಿನ ನಡುವೆ ನಿಂತುಬಿಟ್ಟಿತ್ತು. ಕಾಲು ಉಳುಕಿದ ಕುರಿಯನ್ನು ಅವಳು ಹೆಗಲ ಮೇಲೆ ಹೊತ್ತುಕೊಂಡೇ ಇಳಿದು ಬಂದಿದ್ದಳು. ಆಮೇಲೆ ಕೆಳಗೆ ಉರುಳಿಸಿ ತಂದ ಗಾಡಿಯ ಕಾರ್ಬುರೇಟರನ್ನು ಅಪ್ಪ ಬಿಚ್ಚಿ ತೊಳೆದು, ಬೈದು, ಹೇಗೋ ಉಸಿರು ತಂದಿದ್ದ. ಇನ್ನು ಅಂಗಳಕ್ಕಷ್ಟೇ ಇದು, ಗುಡ್ಡಕ್ಕಲ್ಲ ಎಂದಿದ್ದ.

ಸುದ್ದಿ ಕೇಳಿ ಚಿಕ್ಕಪ್ಪ ಬಂದಿದ್ದ. ಪಕ್ಕದ ಗುಡ್ಡದಲ್ಲಿ ಅವನದೇ ಮಂದೆ. ಮೇಲಿನ ಗುಡ್ಡವನ್ನೂ ತಾನೇ ನೋಡಿಕೊಳ್ಳುತ್ತೇನೆ, ಹೆಣ್ಣುಹುಡುಗಿಗೆ ಯಾಕೆ ಆ ತಾಪತ್ರಯ ಎಂದು ಅವನ ವಾದ. ಕೆಟ್ಟವನೇನಲ್ಲ. ಆದರೆ ಅವನ ಕೈಗೆ ಹೋದದ್ದು ಈ ಜನ್ಮದಲ್ಲಿ ಹಿಂದೆ ಬರುವುದಿಲ್ಲ ಎನ್ನುವುದು ಮನೆಮಂದಿಗೆಲ್ಲ ಗೊತ್ತು.

ಅಪ್ಪ ಊದಿದ ಮೊಣಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡೇ ತೀರ್ಮಾನ ಹೇಳಿದ್ದ.

“ನನ್ನ ಕಾಲು ಇನ್ನು ಗುಡ್ಡ ಹತ್ತಲ್ಲ ಪುಟ್ಟಿ. ಬದಲಿ ಗಾಡಿ ನೀನೇ ಆರಿಸು. ಅದರಲ್ಲಿ ಮಂದೇನ ಇಳಿಸಿ ತಂದ್ರೆ ಮೇಲಿನ ಗುಡ್ಡ ನಿಂದು. ಆಗಲ್ಲ ಅಂದ್ರೆ ಚಿಕ್ಕಪ್ಪನಿಗೆ ಬಿಡೋಣ.”

ಅವಳಿಗೆ ಏನು ಬೇಕೆನ್ನುವುದು ಸ್ಪಷ್ಟವಾಗಿತ್ತು. ನಾಲ್ಕೂ ಚಕ್ರ ಎಳೆಯಬೇಕು. ಒದ್ದೆ ಹುಲ್ಲಿನ ಇಳಿಜಾರಿನಲ್ಲಿ ಬರೀ ಬ್ರೇಕನ್ನು ನಂಬಿಕೊಳ್ಳದೆ, ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯಬೇಕು. ಹಿಂದೆ ಟ್ರೇಲರ್ ಕಟ್ಟಿ ಕುಂಟುವ ಕುರಿಯನ್ನು ಎಳೆಯುವ ತಾಕತ್ತು ಬೇಕು. ಎಲ್ಲ ಇದ್ದದ್ದು ಆ ದೊಡ್ಡ ಗಾಡಿಯಲ್ಲೇ.

ಅದರ ಕೀ ಮಾತ್ರ ಅವನ ಜೇಬಿನಲ್ಲಿ!

*

ಮರುದಿನ ಬೆಳಿಗ್ಗೆ ಕೆಳಗಿನ ಹುಲ್ಲುಗಾವಲಿಗೆ ಮೇವು ಒಯ್ಯಲು ಅವಳು ಗೂರಲಯ್ಯನನ್ನೇ ಎಬ್ಬಿಸಿದಳು. ನಾಯಿ ಹಿಂದಿನ ಕ್ಯಾರಿಯರ್ ಮೇಲೆ ಹಾರಿ ಕೂತಿತು. ಕೂರುವ ಗತ್ತು ನೋಡಿ ಅಪ್ಪ ಅದಕ್ಕೆ ದೊರೆ ಎಂದು ಹೆಸರಿಟ್ಟಿದ್ದ.

ನನಗೆ ಓಡಿಸೋಕೆ ಬರಲ್ವಾ? ಇಷ್ಟು ವರ್ಷ ಏನು ಮಾಡ್ತಿದ್ದೆ ಹಾಗಾದ್ರೆ?

ಗಾಡಿ ನೇರವಾಗಿಯೇ ಹೋಗುತ್ತಿತ್ತು. ಬೇಲಿಯ ಪಕ್ಕಕ್ಕೆ, ಹಿಡಿದ ಗೆರೆ ತಪ್ಪದೆ. ಅವಳ ಕಣ್ಣು ತನ್ನ ಕೈಗಳ ಮೇಲೆ ಬಿತ್ತು.

ಹ್ಯಾಂಡಲ್ ಬಲಕ್ಕೆ ತಿರುಗಿತ್ತು.

ಅವಳು ಗಾಡಿ ನಿಲ್ಲಿಸಿದಳು. ಭುಜ ನೋಡಿಕೊಂಡಳು. ಬಲಕ್ಕೆ ವಾಲಿತ್ತು. ಹಿಂತಿರುಗಿ ನೋಡಿದಳು. ಅಷ್ಟಗಲದ ಕ್ಯಾರಿಯರಿನಲ್ಲಿ ದೊರೆ ಬಲ ತುದಿಗೆ ಒತ್ತಿಕೊಂಡು ಕೂತಿದ್ದ! ಇಷ್ಟು ವರ್ಷ ಅವನು ಕೂರುತ್ತಿದ್ದದ್ದೂ ಅಲ್ಲೇ.

ಬಹಳ ಹಿಂದೆ ಅಪ್ಪ ಗಾಡಿಯನ್ನು ಬಂಡೆಗೆ ಗುದ್ದಿಸಿದಾಗ ಮುಂದಿನ ಚಕ್ರವನ್ನು ಹಿಡಿದಿಡುವ ಕಬ್ಬಿಣದ ತೋಳು ಬಗ್ಗಿತ್ತು. ಆವತ್ತಿನಿಂದ ಗೂರಲಯ್ಯ ಎಡಕ್ಕೆ ಎಳೆಯುತ್ತಾನೆ. ರಿಪೇರಿ ನಾಳೆ, ನಾಡಿದ್ದು ಎನ್ನುತ್ತಲೇ ಕಾಲ ಕಳೆಯಿತು. ಅಷ್ಟರಲ್ಲಿ ಮನೆಯವರ ಮೈಯೇ ಗಾಡಿಗೆ ಒಗ್ಗಿಹೋಯಿತು. ಅವನು ಎಡಕ್ಕೆ ಎಳೆದಂತೆಲ್ಲ ಇವರು ಬಲಕ್ಕೆ ಬಾಗಿದರು. ಬಾಗಿದ್ದೇವೆ ಎನ್ನುವುದನ್ನೂ ಮರೆತರು.

ಎಳೆಯದೇ ಇರುವ ಹೊಸ ಗಾಡಿಯ ಮೇಲೂ ಅವಳು ಬಾಗಿಯೇ ಕೂತಿದ್ದಳು.

ಅವಳು ಒಬ್ಬಳೇ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಮನೆಗೆ ಬಂದು ನೋಡಿದರೆ ಅಪ್ಪ ಕುರ್ಚಿಯಲ್ಲೂ ಬಲಕ್ಕೇ ವಾಲಿಕೊಂಡು ಕೂತಿದ್ದ.

ಅವಳು ಅಂಗಡಿಗೆ ಫೋನ್ ಮಾಡಿದಳು. ಹಳೇ ಗಾಡಿಯನ್ನು ಎಕ್ಸ್‌ಚೇಂಜಿಗೆ ಕೊಡುವುದಿದೆ, ಬಂದು ನೋಡಿ, ಬರುವಾಗ ಆ ದೊಡ್ಡ ಗಾಡಿಯನ್ನೂ ತನ್ನಿ ಎಂದಳು. ಆ ಕಡೆಯಿಂದ ಬರ್ತೀನಿ ಎಂದ ದನಿ ಅವನದೇ.

*

ಅವನು ಬಂದ. ಹೊಸ ಗಾಡಿಯನ್ನು ಪಿಕಪ್ಪಿನಿಂದ ಇಳಿಸಿದ. ಅವಳು ಅದರ ಕಡೆ ತಿರುಗಿಯೂ ನೋಡದೆ ಗೂರಲಯ್ಯನನ್ನು ತೋರಿಸಿದಳು.

“ಎಕ್ಸ್‌ಚೇಂಜ್ ಅಂದ್ಮೇಲೆ ಓಡಿಸಿ ನೋಡಬೇಕಲ್ವಾ? ಆ ಗೇಟಿನವರೆಗೆ ಹೋಗಿ ಬನ್ನಿ. ನೇರವಾಗಿ.”

ಕಸುಬು ಬಲ್ಲವನ ಠೀವಿಯಿಂದ ಅವನು ಹತ್ತಿ ಕೂತ. ಗೂರಲಯ್ಯ ಸುಯ್ಯೆಂದ. ಗಾಡಿ ಹೊರಟಿತು... ಗೇಟಿನ ಕಡೆಗಲ್ಲ, ಎಡಕ್ಕೆ! ಅವನು ಸಾವರಿಸಿಕೊಂಡು ತಿರುಗಿಸುವಷ್ಟರಲ್ಲಿ ಮುಂದಿನ ಚಕ್ರ ಕುರಿಗಳ ನೀರಿನ ತೊಟ್ಟಿಗೆ ಡಿಕ್ಕಿ ಹೊಡೆದಿತ್ತು. ತೊಟ್ಟಿಯ ನೀರೆಲ್ಲ ಎದ್ದು ಅವನ ಮಡಿಲಿಗೇ ಬಂತು. ಕುರಿಗಳು ಮೆಲುಕು ನಿಲ್ಲಿಸಿ ನೋಡಿದವು. ಜಗಲಿಯ ಮೇಲಿಂದ ಅಪ್ಪನ ನಗು ಕೇಳಿಸಿತು.

ಅವಳು ನಿಧಾನವಾಗಿ ನಡೆದು ಹೋದಳು. ಎಂಜಿನ್ ಆರಿಸಿ, ಕೀ ಕಿತ್ತು, ತನ್ನ ಜೇಬಿಗೆ ಹಾಕಿಕೊಂಡಳು.

“ಇಳೀರಿ.”

ಅವನು ತೊಟ್ಟಿ ನೋಡಿದ. ಬಗ್ಗಿದ ತೋಳು ನೋಡಿದ. ಅವಳ ಭುಜ ನೋಡಿದ. ಅರ್ಥವಾಗುತ್ತಾ ಬಂದಂತೆ ಅವನ ಕಿವಿ ಕೆಂಪಗಾಗುತ್ತಾ ಹೋಯಿತು.

“ನಿಮಗೆ ಸಣ್ಣ ಗಾಡಿನೇ ಸಾಕು ಅನ್ಸುತ್ತೆ,” ಎಂದಳು ಅವಳು. “ಅಂಗಳದಲ್ಲಿ ಓಡಾಡೋಕೆ.”

“ತಪ್ಪಾಯ್ತು,” ಎಂದ. ನೆಪ ಹೇಳಲಿಲ್ಲ, ಮಾತು ತಿರುಗಿಸಲಿಲ್ಲ. ಅದು ಅವಳಿಗೆ ಹಿಡಿಸಿತು. ಎಷ್ಟು ಹಿಡಿಸಿತೆಂದರೆ, ಒರೆಸಿಕೊಳ್ಳಲು ಟವೆಲ್ ತರುವ ನೆಪದಲ್ಲಿ ಒಳಗೆ ಹೋಗಿ ಒಂದು ಕ್ಷಣ ಗೋಡೆಗೆ ಒರಗಿ ನಿಂತಳು.

ಹೊಸ ಗಾಡಿಯ ಮೇಲೆ ಅವಳು ಮತ್ತೆ ಕೂತಾಗ ಅವನು ಪಕ್ಕದಲ್ಲಿ ನಡೆದ. ಅಭ್ಯಾಸದಂತೆ ಅವಳ ಭುಜ ಬಲಕ್ಕೆ ವಾಲಿತು, ಗಾಡಿಯೂ ವಾಲಿತು. ಅವನು ಕೀಗೆ ಕೈ ಹಾಕಲಿಲ್ಲ.

“ಕೈ ಸಡಿಲ ಬಿಡಿ ಮೇಡಂ. ಇದರಲ್ಲಿ ನಿಮ್ಮನ್ನ ಎಳೆಯೋರು ಯಾರೂ ಇಲ್ಲ.”

ಅವಳು ಬೆರಳು ಸಡಿಲಿಸಿದಳು. ಭುಜ ಇಳಿಯಿತು. ಗಾಡಿ ನೇರವಾಗಿ ಸಾಗಿತು... ಯಾರೊಡನೆಯೂ ಜಗ್ಗಾಡದೆ ನೇರ ಹೋಗುವುದು ಇಷ್ಟು ಹಗುರವೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಮೇವಿನ ಮೂಟೆ ಹೇರಿ, ಟ್ರೇಲರ್ ಕಟ್ಟಿ, ಕೊರಕಲಿನವರೆಗೆ ಹತ್ತಿಸಿ ಇಳಿಸಿದ ಮೇಲೆ ಅವಳು ತೀರ್ಮಾನ ಹೇಳಿದಳು. ಇದೇ ಗಾಡಿ ಬೇಕು. ಸೀಟಿನ ಹಿಂದೆ ಆ ಕಮಾನೂ ಇರಲಿ. ಮೊದಲ ದಿನ ಅದು ಅವಮಾನದಂತೆ ಕಂಡಿತ್ತು. ಇಳಿಜಾರಿನ ತುದಿಯಲ್ಲಿ ನಿಂತು ಕೆಳಗೆ ನೋಡಿದಾಗ ಅದರಲ್ಲಿ ಅವಮಾನವೇನೂ ಕಾಣಲಿಲ್ಲ.

*

ಕಮಾನು ಕೂರಿಸಲು ಬಂದವನು ಗೂರಲಯ್ಯನನ್ನು ಪಿಕಪ್ಪಿಗೆ ಹೇರಿಕೊಂಡು ಹೋದ. ಆಮೇಲೆ ಬೋಲ್ಟು ಬಿಗಿ ಮಾಡಲು ಬಂದ. ಹೊಸ ಗಾಡಿ ಅಲ್ವಾ, ಸಡಿಲ ಆಗುತ್ತೆ ಎಂದ. ಮತ್ತೂ ಒಮ್ಮೆ ಬಂದು ಟೈರಿನ ಗಾಳಿ ನೋಡಿದ.

“ಗಾಡಿ ಬೋಲ್ಟೆಲ್ಲ ಗಟ್ಟಿಯಾಗೇ ಇದೆ,” ಎಂದ ಅಪ್ಪ, ಅವನು ಹೋದ ಮೇಲೆ. “ಆ ಹುಡುಗಂದೇ ಏನೋ ಸಡಿಲ ಆಗಿರೋ ಹಾಗಿದೆ.”

ಅವಳು ಕೇಳಿಸದವಳಂತೆ ಬಕೆಟ್ ಎತ್ತಿಕೊಂಡು ಹೊರಗೆ ಹೋದಳು. ಬಕೆಟ್ಟಿನಲ್ಲಿ ಏನೂ ಇರಲಿಲ್ಲ.

ಮಂದೆ ಇಳಿಸುವ ದಿನ ಚಿಕ್ಕಪ್ಪ ಬೇಗನೆ ಬಂದು ಗೇಟಿಗೆ ಒರಗಿ ನಿಂತ. ಅವಳು ಹೆಲ್ಮೆಟ್ ಬಿಗಿದು, ಟ್ರೇಲರ್ ಕಟ್ಟಿ, ದೊರೆಯನ್ನು ಹಿಂದೆ ಕೂರಿಸಿಕೊಂಡು ಮಂಜಿನೊಳಗೆ ಹತ್ತಿದಳು. ಜೌಗಿನಲ್ಲಿ ನಾಲ್ಕೂ ಚಕ್ರ ಕಚ್ಚಿ ಹಿಡಿದವು. ಮೇಲೆ ದೊರೆ ಒಂದು ಕಡೆಯಿಂದ, ಅವಳು ಇನ್ನೊಂದು ಕಡೆಯಿಂದ ಮಂದೆಯನ್ನು ಒಗ್ಗೂಡಿಸಿದರು. ಕೊರಕಲಿನ ಇಳಿಜಾರಿನಲ್ಲಿ ಎಂಜಿನ್ ಗಾಡಿಯನ್ನು ಕೈಹಿಡಿದಂತೆ ಇಳಿಸಿತು. ಹೆದರಿಕೆ ಆಗುತ್ತದೆಂದುಕೊಂಡಿದ್ದಳು. ಆಗಲಿಲ್ಲ.

ಮಂಜು ಹರಿಯುವ ಹೊತ್ತಿಗೆ ಗುಡ್ಡದಿಂದ ಬಿಳಿ ಹೊಳೆಯೊಂದು ಇಳಿದು ಗೇಟಿನೊಳಗೆ ಹರಿಯಿತು. ಒಂದು ಕುರಿಯೂ ಹಿಂದೆ ಉಳಿದಿರಲಿಲ್ಲ. ಕುಂಟುತ್ತಿದ್ದ ಕುರಿಯೊಂದು ಮಾತ್ರ ಟ್ರೇಲರಿನಲ್ಲಿ ಮದುಮಗಳ ಹಾಗೆ ಕೂತು ಬಂತು.

ಚಿಕ್ಕಪ್ಪ ತಾನೇ ಗೇಟು ಮುಚ್ಚಿದ. ಗುಡ್ಡ ನಿಂದೇ ಕಣಮ್ಮ, ನನ್ನ ಮಂದೆ ಇಳಿಸುವಾಗಲೂ ಒಂದು ಕೈ ಹಾಕು ಎಂದು ಹೇಳಿ ಒಳಗೆ ನಡೆದ. ಅಪ್ಪ ಅವಳ ಹೆಲ್ಮೆಟ್ಟಿನ ಮೇಲೆ ಕೈಯಿಟ್ಟು, ಕಣ್ಣೊರೆಸಿಕೊಂಡು ಹೋದ.

ಆಗಲೇ ಕೇಳಿಸಿತು... ಸುಯ್ಯ್!

ದಾರಿಯ ತಿರುವಿನಲ್ಲಿ ಗೂರಲಯ್ಯ ಬರುತ್ತಿದ್ದ. ಮೇಲೆ ಅವನು. ಗಾಡಿ ಗೆರೆ ಎಳೆದಂತೆ ನೇರವಾಗಿ ಬಂದು, ತೊಟ್ಟಿ ದಾಟಿ ಅವಳ ಮುಂದೆ ನಿಂತಿತು. ಅವನ ಭುಜ ಬಲಕ್ಕೆ ಬಾಗಿತ್ತು, ಹ್ಯಾಂಡಲ್ ಬಲಕ್ಕೆ ತಿರುಗಿತ್ತು. ಥೇಟ್ ಅವರ ಮನೆಯವರ ಹಾಗೆ!

ಅವಳು ಬಗ್ಗಿ ಮುಂದಿನ ಚಕ್ರ ನೋಡಿದಳು.

“ಇನ್ನೂ ತೋಳು ಸರಿ ಮಾಡಿಲ್ವಾ?”

“ಮಾಡೋಕೆ ಒಂದು ಮಧ್ಯಾಹ್ನ ಸಾಕಿತ್ತು,” ಎಂದ. “ಆದ್ರೆ ನೀವು ಓಡಿಸೋ ಹಾಗೆ ಓಡಿಸೋದು ಮೊದಲು ಕಲೀಬೇಕು ಅನ್ಸ್ತು. ಅಂಗಡಿ ಹಿತ್ತಲಲ್ಲಿ ದಿನಾ ಬಿದ್ದು ಎದ್ದು ಕಲಿತೆ.”

“ಯಾಕೆ?”

ಅವನು ಎಂಜಿನ್ ಆರಿಸಿದ.

“ಆವತ್ತು ಬೇರೆ ಯಾರಾದ್ರೂ ಟೈರಿನ ಮೇಲೆ ಹೋಗಿದ್ರೆ, ಇನ್ನೊಂದು ಸುತ್ತು ಹೊಡೀರಿ ಅಂತಿದ್ದೆ. ಎಷ್ಟು ಜನ ಹೋಗಿದ್ದಾರೆ. ನೀವು ಹೋದಾಗ ಎಂಜಿನ್ ನಿಂತ ಮೇಲೂ ನನ್ನ ಎದೆ ಹೊಡ್ಕೊಳ್ಳೋದು ನಿಲ್ಲಲಿಲ್ಲ. ಆ ಹೆದರಿಕೇನ ಸಿಟ್ಟು ಮಾಡಿ ನಿಮ್ಮ ಮೇಲೆ ಹಾಕ್ದೆ. ನೀವಂದ್ರೆ ನಂಗಿಷ್ಟ. ಅದನ್ನ ಬೋಲ್ಟು, ಗಾಳಿ ಅಂತ ಹೇಳಿ ಹೇಳಿ ಸಾಕಾಯ್ತು.”

ಬೇಲಿಯೊಳಗೆ ಮಂದೆ ಸದ್ದು ಮಾಡುತ್ತಿತ್ತು. ಅವಳು ಹೆಲ್ಮೆಟ್ ತೆಗೆದಳು. ಅದನ್ನು ಈ ಸಲ ಅವನ ಮಡಿಲಲ್ಲಿ ಮೆಲ್ಲಗೆ ಇಟ್ಟಳು.

“ನಾನು ಈ ಗುಡ್ಡ ಬಿಟ್ಟು ಎಲ್ಲಿಗೂ ಬರಲ್ಲ,” ಎಂದಳು.

“ಗೊತ್ತು. ಅದಕ್ಕೇ ಇಲ್ಲಿಗೆ ಬರೋ ಗಾಡಿ ಕಲಿತಿದ್ದು.”

ಅಷ್ಟರಲ್ಲಿ ದೊರೆ ಓಡಿಬಂದು ಗೂರಲಯ್ಯನ ಹಿಂದಿನ ಕ್ಯಾರಿಯರಿಗೆ ಹಾರಿದ. ತನ್ನ ಹಳೇ ಜಾಗ ನೋಡಿಕೊಂಡು, ಬಲ ತುದಿಗೆ ಒತ್ತಿ ಕೂತ. ಅವರಿಬ್ಬರ ನಡುವೆ ಏನೇ ತಕರಾರಿರಲಿ, ತನ್ನ ಕಡೆಯಿಂದ ಯಾವ ಅಡ್ಡಿಯೂ ಇಲ್ಲ ಎನ್ನುವಂತೆ!

ಅವಳು ನಗುತ್ತಾ ಅವನ ಬಲಭುಜಕ್ಕೆ ಕೈಯಿಟ್ಟು ಸ್ವಲ್ಪವೇ ತನ್ನ ಕಡೆಗೆ ಎಳೆದಳು.

“ಇನ್ನೂ ಒಂಚೂರು ಬಾಗಬೇಕು.”

“ಇಷ್ಟು ಸಾಕಾ ಮೇಡಂ?”

“ಮೇಡಂ ಅನ್ನೋದು ಬಿಡಿ.”

“ನೀವು ‘ಬಿಡಿ’ ಅನ್ನೋದು ಬಿಡಿ.”

ಅವಳು ಜೇಬಿನಿಂದ ಹೊಸ ಗಾಡಿಯ ಕೀ ತೆಗೆದು, ಎಣ್ಣೆ ಮೆತ್ತಿದ ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

“ಬಾ,” ಎಂದಳು. “ಮೇಲಿನ ಗುಡ್ಡ ತೋರಿಸ್ತೀನಿ. ನೀನು ಓಡಿಸು.”