ಸೆನೋತೆಯ ಕತ್ತಾಳೆ ಹಗ್ಗ

"ಇಳೀಬೇಡ ಅನ್ನಲ್ಲ ಅಳಿಯಪ್ಪ. ಹಗ್ಗ ಮಾತ್ರ ಮುಟ್ಬೇಡ," ಎಂದಳು ಬಾಸಿಲಿಯಾ ಅಜ್ಜಿ.

ಲೆಯಾಂದ್ರೊ ಬೆನ್ನಿಗೆ ಗಾಳಿಯ ಸಿಲಿಂಡರ್ ಬಿಗಿದುಕೊಳ್ಳುತ್ತ ನಕ್ಕ. ಸುಣ್ಣಕಲ್ಲಿನ ನೆಲ ಕುಸಿದು ಬಾಯ್ತೆರೆದಿದ್ದ ಆ ಸೆನೋತೆಯ ನೀರು ನಡುಹಗಲಿನಲ್ಲೂ ಕಪ್ಪಗಿತ್ತು. ಅಂಚಿನ ಕೊಂಬೆಗೆ ಅಜ್ಜಿ ಸೋರೆಬುರುಡೆ ಕಟ್ಟಿ, ನೀರಿನ ಒಡೆಯರಿಗೆಂದು ಮೆಕ್ಕೆಜೋಳದ ಗಂಜಿ ತುಂಬಿಸಿಟ್ಟಿದ್ದಳು.

"ಹಗ್ಗಕ್ಕೂ ಒಂದು ಬುರುಡೆ ಇಡಜ್ಜಿ. ಪಾಪ, ಹಸಿದಿರುತ್ತೆ."

ಅಜ್ಜಿ ನಗಲಿಲ್ಲ. ಅವಳು ಮದುವೆಯಾಗಿ ಬಂದ ಕಂಚೆ ಮನೆತನಕ್ಕೆ ಯಾರೋ ಮಾಟ ಮಾಡಿಸಿ, ಗಂಡಸರ ರಕ್ತಕ್ಕೆ ಕೊಲ್ಲುವ ರೋಷ ಹೊಗಿಸಿದ್ದರು. ಆ ರೋಷ ಮೈಗೇರಿ ಅವಳ ಗಂಡ ಹೊಲದಲ್ಲಿ ಒಡಹುಟ್ಟಿದ ತಮ್ಮನನ್ನೇ ಮಚ್ಚಿನಿಂದ ಕೊಚ್ಚಿದ್ದ. ಊರಿನ ಮಂತ್ರವಾದಿ ಆ ರೋಷವನ್ನು ಕತ್ತಾಳೆ ಹಗ್ಗದ ಒಂಬತ್ತು ಗಂಟುಗಳಲ್ಲಿ ಬಿಗಿದು, ಕಲ್ಲು ಕಟ್ಟಿ ಇದೇ ನೀರಿಗೆ ಇಳಿಬಿಟ್ಟಿದ್ದ. ಈಗ ಆ ರಕ್ತದ ಗಂಡೆಂದರೆ ಗಾಸ್ಪರ್ ಒಬ್ಬನೇ. ಅಜ್ಜಿಯ ಮೊಮ್ಮಗ. ಲೆಯಾಂದ್ರೊನ ಹೆಂಡತಿ ನೊಯೆಮಿಯ ತಮ್ಮ.

"ಭಾವ, ಇವತ್ತು ನೀನೊಬ್ನೇ ಇಳಿದ್ರೆ ಹೆಂಗೆ?" ಗಾಸ್ಪರ್ ಮೆಲ್ಲಗೆ ಕೇಳಿದ.

"ಆಯ್ತು, ನೀನಿಲ್ಲೇ ಕೂತು ಗಂಜಿ ಕುಡಿ. ನಿಮ್ಮಕ್ಕಂಗೆ ಹೇಳ್ತೀನಿ, ನಿನ್ ತಮ್ಮಂಗೆ ಇನ್ನೂ ತೊಟ್ಟಿಲು ಬೇಕಂತೆ ಅಂತ."

ಗಾಸ್ಪರ್ ನಾಚಿ ಕೆಂಪಾಗಿ, ಮುಖಕ್ಕೆ ಈಜುಗನ್ನಡಕ ಏರಿಸಿದ. ಅಜ್ಜಿ ಲೆಯಾಂದ್ರೊನ ಮೊಣಕೈ ಹಿಡಿದಳು. "ಇರೋನು ಇವನೊಬ್ಬ ಕಣಪ್ಪ. ಜೀವಸಹಿತ ಕರ್ಕೊಂಡ್ ಬಾ."

ವೆರಾಕ್ರೂಸ್ ಕಡಲಲ್ಲಿ ಹದಿನೈದು ವರ್ಷ ಮುಳುಗಿದವನಿಗೆ ಇದೊಂದು ಬಾವಿ. ತಳಮುಟ್ಟಿ, ಮುಂದೆ ಇಳಿಯುವವರಿಗೆ ದಾರಿ ತೋರುವ ದಾರ ಹಾಸಿ ಬರುವುದಷ್ಟೇ ಕೆಲಸ.

ಮೂವತ್ತು ಮೀಟರ್ ಆಳದಲ್ಲಿ ಹಾಲಿನಂಥ ಮೋಡವೊಂದು ನೀರನ್ನು ಮುಚ್ಚಿತ್ತು. ಅದನ್ನು ಹೊಕ್ಕಾಗ ಕೊಳೆತ ಮೊಟ್ಟೆಯ ವಾಸನೆ ಚರ್ಮದಿಂದಲೇ ನುಸುಳಿ ನಾಲಿಗೆಗೆ ಬಂತು. ಅದರಡಿ ಮಸಿಯಂಥ ಕತ್ತಲು, ಮುಳುಗಿದ ಮರದ ಬೋಳು ಕೊಂಬೆಗಳು, ತನ್ನದೇ ಉಸಿರಿನ ಗೊರಗೊರ. ಅಂಥದೊಂದು ಕೊಂಬೆಯಿಂದ ತಳದತ್ತ ಆ ಹಗ್ಗ ಇಳಿದಿತ್ತು, ಅವನ ದಾರಿಗೆ ಸರಿಯಾಗಿ ಅಡ್ಡ.

ಕತ್ತಲ ನೀರಿನಲ್ಲಿ ಹಳೆಯ ಹಗ್ಗವೆಂದರೆ ಉರುಳು. ಕಂಡರೆ ಮೊದಲು ಕತ್ತರಿಸಬೇಕು. ಕಲಿಯಲು ಬಂದವರಿಗೆಲ್ಲ ಅವನು ಹೇಳಿಕೊಟ್ಟದ್ದೂ ಅದನ್ನೇ. ಗಾಸ್ಪರ್ ಬೇಡವೆಂದು ಕೈಯಾಡಿಸಿದ. ಲೆಯಾಂದ್ರೊ ಚಾಕು ಆಡಿಸಿದ.

ತುಂಡಾದ ತುದಿಯಿಂದ ಮೊದಲ ಗಂಟು ತಾನಾಗಿಯೇ ಬಿಚ್ಚಿಕೊಂಡಿತು. ಎರಡನೆಯದು. ಮೂರನೆಯದು.

ಗಾಸ್ಪರ್ ತನ್ನ ಸೊಂಟದ ಚಾಕು ಸೆಳೆದು ಅವನ ಮೇಲೆರಗಿದ.

ಚಾಕು ಹೆಗಲಿಗೆ ಇಳಿಯಿತು. ಮತ್ತೆ ಪಕ್ಕೆಗೆ. ಲೆಯಾಂದ್ರೊನ ಚಾಕು, ದೀಪ ಎರಡೂ ಕಳಚಿ ಕೆಳಗೆ ಹೋದವು. ಕೆಂಪು ಬಣ್ಣವೇ ಕಾಣದ ಆ ಆಳದಲ್ಲಿ ರಕ್ತ ಹಸಿರಾಗಿ ಹೊಗೆಯಾಡಿತು. ಬಾಯಿಯ ಕೊಳವೆ ಕಿತ್ತುಹೋಯಿತು. ಕನ್ನಡಕದ ಹಿಂದೆ ಗಾಸ್ಪರ್‌ನ ಕಣ್ಣುಗಳಿದ್ದವು, ಗಾಸ್ಪರ್ ಇರಲಿಲ್ಲ. ನಾಲ್ಕು. ಐದು. ಆರು. ಲೆಯಾಂದ್ರೊ ತಡಕಿ ಕೊಳವೆ ಕಚ್ಚಿಕೊಂಡು ಹಗ್ಗದ ಎರಡೂ ತುದಿಗಳನ್ನು ಬಲಗೈಯಲ್ಲಿ ಸೇರಿಸಿ ಹಿಡಿದ.

ಚಾಕು ಅವನ ಗಂಟಲಿನ ಬಳಿ ನಿಂತಿತು.

ಗಾಸ್ಪರ್ ನಿದ್ದೆಯಿಂದ ಎದ್ದವನಂತೆ ತನ್ನ ಕೈ ನೋಡಿಕೊಂಡ. ಲೆಯಾಂದ್ರೊ ಗಂಟು ಹಾಕಹೋದ. ಹಗ್ಗವೇ ಸುತ್ತಿಕೊಂಡಿತು. ಹೆಬ್ಬೆರಳು, ಪಕ್ಕದ ಎರಡು ಬೆರಳು ಗಂಟಿನೊಳಗೆ. ನಾರು ಉಬ್ಬಿತು. ಎಲುಬು ಲಟಕ್ಕೆಂದಿತು. ಎಳೆದಷ್ಟೂ ಬಿಗಿ. ಸಿಲಿಂಡರಿನ ಗಾಳಿ ಅಳೆಯುವ ಮುಳ್ಳು ಸೊನ್ನೆಯ ಹತ್ತಿರ ಇಳಿದಿತ್ತು. ಹಗ್ಗ ಕತ್ತರಿಸಿದರೆ ಗಾಸ್ಪರ್ ಮತ್ತೆ ಗಾಸ್ಪರ್ ಆಗಿರುವುದಿಲ್ಲ.

ಲೆಯಾಂದ್ರೊ ಕತ್ತರಿಸೆಂದು ಬೆರಳುಗಳನ್ನು ತೋರಿಸಿದ. ಗಾಸ್ಪರ್ ಒಲ್ಲೆನೆಂದು ತಲೆಯಲ್ಲಾಡಿಸಿದ. ಲೆಯಾಂದ್ರೊ ಅವನ ಮಣಿಕಟ್ಟು ಹಿಡಿದು ಚಾಕುವನ್ನು ಹೆಬ್ಬೆರಳ ಬುಡಕ್ಕೆ ತಂದಿಟ್ಟ.

ಮೂರು ಸಲ ನೀರೊಳಗೆ ಕಿರುಚಿದ. ಮೂರು ಸಲವೂ ಬರೀ ಗುಳ್ಳೆ.

ದಂಡೆಯಲ್ಲಿ ಅಜ್ಜಿ ತನ್ನ ಶಾಲು ಹರಿದು ಅವನ ಕೈಗೆ ಸುತ್ತಿದಳು. ಅವಳ ಬೆನ್ನ ಹಿಂದೆ ಗಾಸ್ಪರ್ ಮಂಡಿಯೂರಿ, ಹಿಡಿದ ಚಾಕು ಬಿಡದೆ, ಗೊಳೋ ಎಂದು ಅಳುತ್ತಿದ್ದ. "ಭಾವ, ನಾನಲ್ಲ ಭಾವ, ನನ್ನಾಣೆ ನಾನಲ್ಲ..."

"ಗೊತ್ತು ಕಣೋ. ಬದುಕಿದ್ದೀಯಲ್ಲ, ಸಾಕು," ಎಂದ ಲೆಯಾಂದ್ರೊ.

ಆಗ ತಣ್ಣಗಾಯಿತು. ಇಲ್ಲದ ಹೆಬ್ಬೆರಳು ತಣ್ಣಗಾಯಿತು. ಬಟ್ಟೆಯೊಳಗೆ ಬರೀ ಮೋಟು. ಆದರೂ ನೀರಡಿಯ ಹಗ್ಗದಲ್ಲೇ ಉಳಿದ ಮೂರು ಬೆರಳ ತುದಿಗೂ ಲೋಳೆಲೋಳೆಯಾದ ನಾರು ತಾಗುತ್ತಿತ್ತು. ಅವು ತಡಕುತ್ತಿದ್ದವು. ಉಗುರು ಗಂಟಿನ ಸಂದಿಗೆ ಹೊಕ್ಕಿತು. ಅವನು ಹಲ್ಲು ಕಚ್ಚಿ ಬೇಡ ಎಂದುಕೊಂಡ. ಬೆರಳುಗಳು ಕೇಳಲಿಲ್ಲ. ಬೆರಳು ನುಂಗಿದ್ದ ಗಂಟು ಸಡಿಲಿತು. ಏಳನೆಯದು ಬಿಚ್ಚಿತು. ಎಂಟು.

"ಅಜ್ಜಿ," ಎಂದ. ಎಡಗೈಯಿಂದ ಅವಳ ತೋಳು ತಳ್ಳುತ್ತ ಪಿಸುಗುಟ್ಟಿದ. "ಅಜ್ಜಿ, ಓಡು."

"ಏನಪ್ಪ?" ಅವಳು ಬಗ್ಗಿ ಕಿವಿಗೊಟ್ಟಳು.

ಅವಳ ಹಿಂದೆ ಅಳು ನಿಂತಿತು.